ಕಾಲಿನ ಒತ್ತು, ನೆಲದ ಗುದ್ದು

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಡಬಲ್ ಶಾಕರ್’ ಸೈಕಲ್ಲಿನ ಹೆಸರು ಕೇಳದವರು ಕಡಿಮೆ. ಮುಂದೆ ದಪ್ಪನೆಯ ಎರಡು ಕೊಳವೆ, ಸೀಟಿನ ಕೆಳಗೆ ಬಣ್ಣದ ಸ್ಪ್ರಿಂಗ್, ಮೈತುಂಬ ಸ್ಟಿಕ್ಕರ್. ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದಾಗ ಅದರಷ್ಟು ಗತ್ತಿನ ಸೈಕಲ್ ಇನ್ನೊಂದಿಲ್ಲ. ಮನೆಗೆ ತಂದು ವಾರ ಓಡಿಸಿದ ಮೇಲೆ ನಿಜ ಗೊತ್ತಾಗುತ್ತದೆ. ಎಷ್ಟು ತುಳಿದರೂ ಅದು ಮುಂದಕ್ಕೆ ಹೋಗುವುದಕ್ಕಿಂತ ಮೇಲೆ ಕೆಳಗೆ ಕುಣಿಯುವುದೇ ಹೆಚ್ಚು. ಏರು ಬಂದರೆ ಇಳಿದು ತಳ್ಳಬೇಕು. ಪಕ್ಕದ ಮನೆಯ ಸಾದಾ ಸೈಕಲ್ ಆರಾಮಾಗಿ ಹಿಂದೆ ಹಾಕಿ ಹೋಗುತ್ತದೆ.

ಆದರೆ ಹಿಂಬದಿಗೂ ಶಾಕ್ ಇರುವ ಸೈಕಲ್ಲುಗಳೇ ಈಗ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಚಿನ್ನ ಗೆಲ್ಲುತ್ತಿವೆ. ಕ್ರಾಸ್‌ಕಂಟ್ರಿ ಎಂದರೆ ಬೆಟ್ಟದಿಂದ ಕೆಳಗೆ ಧುಮ್ಮಿಕ್ಕುವ ಆಟವಲ್ಲ. ಒಂದೂವರೆ ಗಂಟೆಯ ಆಸುಪಾಸು ನಡೆಯುವ ಈ ಓಟದಲ್ಲಿ ಸವಾರರು ಅದೇ ಗುಡ್ಡವನ್ನು ಮತ್ತೆ ಮತ್ತೆ ಹತ್ತಿ ಇಳಿಯಬೇಕು. ಸಮಯದ ದೊಡ್ಡ ಪಾಲು ಹೋಗುವುದು ಏರಿನಲ್ಲಿ. ಅಂಥ ಕಡೆ ಕಾಲಿನ ಶಕ್ತಿಯನ್ನು ನುಂಗುವ ಸ್ಪ್ರಿಂಗನ್ನು ಯಾರಾದರೂ ಬೇಕೆಂದೇ ಹೊತ್ತುಕೊಂಡು ಹೋಗುತ್ತಾರೆಯೇ?

ಹೊತ್ತುಕೊಂಡು ಹೋಗುತ್ತಾರೆ, ಏಕೆಂದರೆ ಒಳ್ಳೆಯ ಫ್ರೇಮಿಗೆ ಎರಡು ಬಲಗಳ ನಡುವಿನ ಭೇದ ಗೊತ್ತಿರುತ್ತದೆ. ಒಂದು, ಮೇಲಿನಿಂದ ಬರುವ ಸವಾರನ ಕಾಲಿನ ಒತ್ತು. ಇನ್ನೊಂದು, ಕೆಳಗಿನಿಂದ ಬರುವ ನೆಲದ ಗುದ್ದು. ಮೊದಲನೆಯದಕ್ಕೆ ಫ್ರೇಮ್ ಬಗ್ಗಬಾರದು, ಎರಡನೆಯದಕ್ಕೆ ಬಗ್ಗದೆ ಇರಬಾರದು. ಪೇಟೆಯ ಡಬಲ್ ಶಾಕರ್ ಎರಡಕ್ಕೂ ಬಗ್ಗುತ್ತದೆ. ಮುಂದೆಯೂ ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್ ಫ್ರೇಮಿನ ಮೂರು ದಶಕಗಳ ಎಂಜಿನಿಯರಿಂಗ್ ನಡೆದದ್ದೆಲ್ಲ ಈ ಭೇದವನ್ನು ಲೋಹಕ್ಕೂ ಕಾರ್ಬನ್ನಿಗೂ ಕಲಿಸುವುದಕ್ಕೆ.

ನಂಬಿಕೆ ಬರಲು ಹಿಡಿದ ಕಾಲ

ಮೌಂಟನ್ ಬೈಕ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ. ಹಳೆಯ ಭಾರದ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಗೆ ಬಿಡುತ್ತಿದ್ದ ಹುಡುಗರ ಗುಂಪಿನಲ್ಲಿ ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಇದ್ದರು. ‘ರೀಪ್ಯಾಕ್’ ಎಂಬ ಅವರ ಮೊದಲ ರೇಸ್ ನಡೆದದ್ದು 1976ರ ಅಕ್ಟೋಬರ್‌ನಲ್ಲಿ. ಆಗ ಸಸ್ಪೆನ್ಷನ್ ಎಂದರೆ ಸವಾರನ ಮೊಣಕೈ, ಮೊಣಕಾಲು ಅಷ್ಟೇ. 1989ರಲ್ಲಿ ಪಾಲ್ ಟರ್ನರ್ ರಾಕ್‌ಶಾಕ್ಸ್ ಕಂಪನಿ ಆರಂಭಿಸಿದ ಮೇಲೆ ಮುಂದಿನ ಫೋರ್ಕಿಗೆ ಶಾಕ್ ಬಂತು, ಕೆಲವೇ ವರ್ಷಗಳಲ್ಲಿ ಎಲ್ಲರೂ ಅದನ್ನು ಒಪ್ಪಿಕೊಂಡರು. ಮುಂಚಕ್ರಕ್ಕೆ ಚೈನಿನ ಸಂಬಂಧವಿಲ್ಲ. ಅಲ್ಲಿ ಸ್ಪ್ರಿಂಗ್ ಇಟ್ಟರೆ ತುಳಿತಕ್ಕೆ ಆಗುವ ನಷ್ಟ ಕಡಿಮೆ.

ಹಿಂಚಕ್ರದ ಕಥೆ ಬೇರೆ. ಸವಾರನ ಶಕ್ತಿಯೆಲ್ಲ ನೆಲಕ್ಕೆ ಇಳಿಯುವುದು ಅದರ ಮೂಲಕವೇ. 1996ರ ಅಟ್ಲಾಂಟಾದಲ್ಲಿ ಮೌಂಟನ್ ಬೈಕ್ ಮೊದಲ ಸಲ ಒಲಿಂಪಿಕ್ಸ್ ಸೇರಿ, ನೆದರ್ಲೆಂಡ್ಸ್‌ನ ಬಾರ್ಟ್ ಬ್ರೆಂಟಿಯನ್ಸ್, ಇಟಲಿಯ ಪಾವೊಲಾ ಪೆಟ್ಸೊ ಚಿನ್ನ ಗೆದ್ದಾಗ ಗಂಭೀರ ರೇಸರನ ಸೈಕಲ್ ಎಂದರೆ ಹಾರ್ಡ್‌ಟೇಲ್: ಮುಂದೆ ಶಾಕ್, ಹಿಂದೆ ಗಟ್ಟಿ ತ್ರಿಕೋನ. ಆಮೇಲೂ ಹದಿನೈದು ವರ್ಷ ಬಹುಪಾಲು ಹಾಗೆಯೇ ನಡೆಯಿತು. ಹಿಂಬದಿ ಶಾಕ್ ಎಂದರೆ ಮೋಜಿನ ಸವಾರರಿಗೆ, ಸೊಂಟ ನೋವಿನವರಿಗೆ ಎಂಬ ಮಾತು ರೇಸಿನ ವಲಯದಲ್ಲಿ ಚಾಲ್ತಿಯಲ್ಲಿತ್ತು.

ಅದು ಮುರಿದದ್ದು 2012ರ ಆಗಸ್ಟ್ 12ರಂದು, ಲಂಡನ್ ಒಲಿಂಪಿಕ್ಸ್‌ನ ಹ್ಯಾಡ್ಲೀ ಫಾರ್ಮ್ ಗುಡ್ಡದಲ್ಲಿ. ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ 29 ಇಂಚಿನ ಚಕ್ರದ ಸ್ಪೆಷಲೈಸ್ಡ್ ಎಪಿಕ್ ಎಂಬ ಫುಲ್ ಸಸ್ಪೆನ್ಷನ್ ಸೈಕಲ್ ತಂದಿದ್ದರು. ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಬಳಿ ಹಗುರವಾದ ಹಾರ್ಡ್‌ಟೇಲ್ ಇತ್ತು. ಕೊನೆಯ ತಿರುವಿನವರೆಗೂ ಜಗ್ಗಾಡಿದ ಇಬ್ಬರ ನಡುವೆ ಗೆರೆ ದಾಟುವಾಗ ಇದ್ದದ್ದು ಒಂದೇ ಸೆಕೆಂಡಿನ ಅಂತರ. ಚಿನ್ನ ಕುಲ್ಹಾವಿಗೆ. ಆ ಕಲ್ಲುದಾರಿ ಸೈಕಲ್ಲುಗಳನ್ನು ಹೇಗೆ ಗುದ್ದುತ್ತಿತ್ತು ಎಂಬುದಕ್ಕೆ ಮೂರನೆಯವರೇ ಸಾಕ್ಷಿ. ಇಟಲಿಯ ಮಾರ್ಕೊ ಔರೇಲಿಯೊ ಫೊಂಟಾನಾ ಅವರ ಸೀಟೇ ಕೊನೆಯ ಹಂತದಲ್ಲಿ ಕಳಚಿ ಹೋಯಿತು. ಅವರು ನಿಂತುಕೊಂಡೇ ತುಳಿದು ಕಂಚು ಗೆದ್ದರು.

ನಾಲ್ಕು ವರ್ಷದ ನಂತರ ರಿಯೊದಲ್ಲಿ ಶುರ್ಟರ್ ಸ್ವತಃ ಸ್ಕಾಟ್ ಸ್ಪಾರ್ಕ್ ಎಂಬ ಫುಲ್ ಸಸ್ಪೆನ್ಷನ್ ಸೈಕಲ್ ಏರಿ ಚಿನ್ನ ಗೆದ್ದರು. ಬೆಳ್ಳಿ ಕುಲ್ಹಾವಿಗೆ ಹೋಯಿತು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಟಾಮ್ ಪಿಡ್‌ಕಾಕ್, ಸ್ವಿಟ್ಜರ್ಲೆಂಡಿನ ಯೊಲಾಂಡಾ ನೆಫ್ ಇಬ್ಬರದೂ ಫುಲ್ ಸಸ್ಪೆನ್ಷನ್ ಸೈಕಲ್ಲೇ. ವಾದ ಅಲ್ಲಿಗೆ ಮುಗಿಯಿತು.

ತುಳಿದರೆ ಕುಸಿಯುವುದು ಏಕೆ?

ಪೆಡಲ್ ತುಳಿಯುವಾಗ ಬಲ ಒಂದೇ ಸಮ ಹರಿಯುವುದಿಲ್ಲ. ಕಾಲು ಕೆಳಗಿಳಿಯುವಾಗ ಬಲ ಏರುತ್ತದೆ, ಪೆಡಲ್ ತಳ ಮುಟ್ಟಿದಾಗ ಇಳಿಯುತ್ತದೆ. ಎರಡು ಕಾಲು ಸೇರಿ ಒಂದು ಸುತ್ತಿಗೆ ಎರಡು ಒತ್ತು. ನಿಮಿಷಕ್ಕೆ 80 ಸುತ್ತು ತುಳಿಯುವ ಸವಾರ ನಿಮಿಷಕ್ಕೆ 160 ಸಲ, ಅಂದರೆ ಸೆಕೆಂಡಿಗೆ 2.7 ಸಲ ಫ್ರೇಮನ್ನು ಒತ್ತುತ್ತಾನೆ.

ಇನ್ನೊಂದು ಕಡೆ, ಸ್ಪ್ರಿಂಗಿಗೂ ತನ್ನದೇ ಆದ ಲಯವಿದೆ. ಸವಾರ ಸುಮ್ಮನೆ ಕುಳಿತಾಗ ಹಿಂಚಕ್ರದ ಬಳಿ 25 ಮಿ.ಮೀ. ಕುಸಿಯುವಂತೆ ಶಾಕ್ ಹೊಂದಿಸಿದ್ದಾರೆ ಎಂದುಕೊಳ್ಳಿ. ಸರಳ ಸ್ಪ್ರಿಂಗಿನ ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 3 ಸಲ ಮೇಲೆ ಕೆಳಗೆ ಆಡುವ ಸ್ವಭಾವದ್ದು. ಕಾಲಿನ ಲಯವೂ ಸ್ಪ್ರಿಂಗಿನ ಲಯವೂ ಇಷ್ಟು ಹತ್ತಿರವಿದ್ದರೆ ಏನಾಗುತ್ತದೆ ಎಂಬುದನ್ನು ಪಿಯುಸಿ ಭೌತಶಾಸ್ತ್ರ ಓದಿದವರು ಊಹಿಸಬಲ್ಲರು: ಅನುರಣನೆ. ಪ್ರತಿ ಒತ್ತಿಗೂ ಕುಣಿತ ಬೆಳೆಯುತ್ತದೆ. ಶಾಕ್ ಒಳಗಿನ ಎಣ್ಣೆ ಆ ಕುಣಿತವನ್ನು ತಡೆಯುತ್ತದೆ ನಿಜ, ಆದರೆ ತಡೆದ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತದೆ. ಸವಾರನಿಗೆ ಅದು ಮರಳಿನಲ್ಲಿ ನಡೆದಂತೆ. ಹೆಜ್ಜೆ ಇಟ್ಟ ಶ್ರಮಕ್ಕೆ ತಕ್ಕ ದೂರ ಸಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬಲವೂ ಸೇರಿಕೊಳ್ಳುತ್ತದೆ. ಸೈಕಲ್ ಮುಂದಕ್ಕೆ ಚಿಮ್ಮಿದಾಗಲೆಲ್ಲ ಸವಾರನ ಭಾರ ಹಿಂಚಕ್ರದ ಮೇಲೆ ಜಾರುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವುದೂ ಇದೇ ಕಾರಣಕ್ಕೆ. ಹಿಂಚಕ್ರದ ಮೇಲೆ ಸ್ಪ್ರಿಂಗ್ ಇದ್ದರೆ ಅದು ಆಗಲೂ ಕುಗ್ಗುತ್ತದೆ. ಈ ಕುಸಿತವನ್ನು ತಡೆಯುವ ಉಪಾಯ ಎಂಜಿನಿಯರುಗಳಿಗೆ ಸಿಕ್ಕಿದ್ದು ಚೈನಿನಲ್ಲಿ.

ಚೈನಿನ ಎಳೆತವೇ ಊರುಗೋಲು

ಹಿಂಚಕ್ರವನ್ನು ಹಿಡಿದ ತೋಳು ಫ್ರೇಮಿಗೆ ಸೇರುವುದು ಪೆಡಲಿನ ಅಚ್ಚಿನ ಸ್ವಲ್ಪ ಮೇಲೆ, ಒಂದು ಬೇರಿಂಗಿನ ಮೂಲಕ. ಚಕ್ರ ಮೇಲೇರುವಾಗ ಈ ಕೀಲಿನ ಸುತ್ತ ತಿರುಗುತ್ತದೆ. ಕೀಲು ಎಲ್ಲಿರಬೇಕು ಎಂಬುದು ಇಡೀ ಫ್ರೇಮಿನ ಅತಿ ಮುಖ್ಯ ನಿರ್ಧಾರ. ಅದನ್ನು ಸರಿಯಾದ ಎತ್ತರದಲ್ಲಿ ಇಟ್ಟರೆ ಚೈನ್ ಬಿಗಿಯಾದಾಗ ಅದರ ಎಳೆತ, ನೆಲದ ಮೇಲೆ ಟೈರಿನ ತಳ್ಳಾಟ ಎರಡೂ ಸೇರಿ ತೋಳನ್ನು ಕೆಳಕ್ಕೆ ಒತ್ತುತ್ತವೆ, ಶಾಕನ್ನು ಹಿಗ್ಗಿಸಲು ನೋಡುತ್ತವೆ. ಹಿಂದಕ್ಕೆ ಜಾರಿದ ಭಾರ ಕುಗ್ಗಿಸಲು ನೋಡುತ್ತಿರುತ್ತದೆ. ಎರಡೂ ಸರಿಸಮವಾದರೆ ಶಾಕ್ ಅಲುಗುವುದಿಲ್ಲ. ಎಂಜಿನಿಯರುಗಳು ಇದಕ್ಕೆ ಕೊಟ್ಟಿರುವ ಹೆಸರು ಆಂಟಿ-ಸ್ಕ್ವಾಟ್. ಪೂರ್ತಿ ಸರಿದೂಗಿದರೆ ಅದು ನೂರಕ್ಕೆ ನೂರು.

ಹಾಗಾದರೆ ಕೀಲನ್ನು ಇನ್ನೂ ಮೇಲಕ್ಕೆ ಒಯ್ದು ಆಂಟಿ-ಸ್ಕ್ವಾಟ್ ಇನ್ನಷ್ಟು ಹೆಚ್ಚಿಸಬಾರದೇಕೆ? ಅದಕ್ಕೆ ದಂಡ ತೆರಬೇಕಾಗುತ್ತದೆ. ಚಕ್ರ ಮೇಲೇರಿದಾಗ ಪೆಡಲಿಗೂ ಹಿಂದಿನ ಗೇರಿಗೂ ನಡುವಿನ ದೂರ ಬೆಳೆಯುತ್ತದೆ, ಚೈನ್ ಜಗ್ಗುತ್ತದೆ, ಪೆಡಲ್ ಹಿಂದಕ್ಕೆ ಒದೆಯುತ್ತದೆ. ಬೇರುಗಳ ಮೇಲೆ ತುಳಿಯುತ್ತಾ ಏರುವಾಗ ಪಾದಕ್ಕೆ ಬಡಿಯುವ ಈ ಒದೆತ ಕಾಲಿನ ಲಯ ಕೆಡಿಸುತ್ತದೆ. ಜೊತೆಗೆ ಬಿಗಿ ಚೈನ್ ಚಕ್ರವನ್ನು ಮೇಲೇರಲು ಬಿಡದೆ ಹಿಡಿದುಕೊಳ್ಳುತ್ತದೆ. ಕಾಲಿಗೆ ಬಗ್ಗದಿರಲು ಹೋಗಿ ನೆಲಕ್ಕೂ ಬಗ್ಗದ ಫ್ರೇಮ್ ಆಗಿಬಿಡುತ್ತದೆ. ಆದ್ದರಿಂದ ಕ್ರಾಸ್‌ಕಂಟ್ರಿ ಫ್ರೇಮುಗಳಲ್ಲಿ ಸವಾರ ಕುಳಿತ ಮಟ್ಟದಲ್ಲಿ ನೂರರ ಆಸುಪಾಸು ಇಟ್ಟು, ಶಾಕ್ ಆಳಕ್ಕೆ ಹೋದಂತೆ ಇಳಿಸುತ್ತಾ ಬರುವುದು ಸಾಮಾನ್ಯ ಜಾಣತನ.

ಈ ಕೆಲಸ ಸುಲಭವಾಗಲು ಮುಂದಿನ ಗೇರುಗಳು ಕಡಿಮೆಯಾದದ್ದೂ ಕಾರಣ. ಹಿಂದೆ ಪೆಡಲಿನ ಬಳಿ ಎರಡು ಮೂರು ಹಲ್ಲುಚಕ್ರಗಳಿದ್ದವು. ಒಂದೊಂದರಲ್ಲೂ ಚೈನ್ ಒಂದೊಂದು ಎತ್ತರದಲ್ಲಿ ಓಡುತ್ತಿದ್ದುದರಿಂದ, ಸಣ್ಣದಕ್ಕೆ ಹೊಂದಿಸಿದ ಕೀಲು ದೊಡ್ಡದಕ್ಕೆ ಸರಿಹೋಗುತ್ತಿರಲಿಲ್ಲ. 2012ರಲ್ಲಿ ಸ್ರಾಮ್ ಕಂಪನಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11 ಗೇರು ಇರುವ ಎಕ್ಸ್ಎಕ್ಸ್1 ತಂದಿತು. ಆಮೇಲೆ 12 ಗೇರು ಬಂದವು. ಈಗ ವಿನ್ಯಾಸಕಾರ 34 ಹಲ್ಲು ಎಂದು ಇಟ್ಟುಕೊಂಡರೆ ಸಾಕು, ಕೀಲಿನ ಜಾಗ ನಿಖರವಾಗಿ ನಿಗದಿಯಾಗುತ್ತದೆ. ಫ್ರೇಮ್ ಕಂಪನಿಗಳು ಇಂತಿಷ್ಟೇ ಹಲ್ಲು ಹಾಕಿ ಎಂದು ಸೂಚಿಸುವುದರ ಹಿಂದೆ ಈ ಲೆಕ್ಕವೂ ಇದೆ.

ಒಂದೇ ಕೀಲಿನ ತೋಳಿನಲ್ಲಿ ಚಕ್ರ ವೃತ್ತದ ತುಣುಕಿನ ಮೇಲಷ್ಟೇ ಚಲಿಸಬಲ್ಲದು. ಅದನ್ನು ಮೀರಲು ಇನ್ನೊಂದು ದಾರಿ ಹಿಡಿದವರು ವಿನ್ಯಾಸಕಾರ ಹೋರ್ಸ್ಟ್ ಲೈಟ್ನರ್. ಅವರು ಚಕ್ರದ ಅಚ್ಚಿನ ಸ್ವಲ್ಪ ಮುಂದೆ ಇನ್ನೊಂದು ಕೀಲು ಇಟ್ಟು, ಚಕ್ರವನ್ನು ಮುಖ್ಯ ತೋಳಿನಿಂದ ಬೇರ್ಪಡಿಸಿದರು. ‘ಹೋರ್ಸ್ಟ್ ಲಿಂಕ್’ ಎಂದೇ ಹೆಸರಾದ ಈ ಏರ್ಪಾಡಿನ ಪೇಟೆಂಟನ್ನು ಸ್ಪೆಷಲೈಸ್ಡ್ ಕಂಪನಿ ಕೊಂಡುಕೊಂಡಿತು. ಡೇವ್ ವೀಗಲ್ ಅವರ ಡಿಡಬ್ಲ್ಯು-ಲಿಂಕ್ ಎರಡು ಗಿಡ್ಡ ಕೊಂಡಿಗಳ ನಡುವೆ ಇಡೀ ಹಿಂಬದಿ ತ್ರಿಕೋನವನ್ನು ತೂಗುಹಾಕುತ್ತದೆ. ಇಂಥ ಫ್ರೇಮಿನಲ್ಲಿ ಕಣ್ಣಿಗೆ ಕಾಣುವ ಯಾವ ಕೀಲಿನ ಸುತ್ತಲೂ ಚಕ್ರ ತಿರುಗುವುದಿಲ್ಲ. ಗಾಳಿಯಲ್ಲಿರುವ, ಕ್ಷಣಕ್ಷಣಕ್ಕೂ ಜಾಗ ಬದಲಿಸುವ ಬಿಂದುವಿನ ಸುತ್ತ ತಿರುಗುತ್ತದೆ. ತುಳಿಯುವ ಮಟ್ಟದಲ್ಲಿ ಒಂದು ಗುಣ, ಶಾಕಿನ ಆಳದಲ್ಲಿ ಇನ್ನೊಂದು ಗುಣ ಕೊಡಲು ಇದರಿಂದ ಸಾಧ್ಯವಾಯಿತು.

ಹಿತ್ತಾಳೆಯ ತುಂಡಿನಿಂದ ಸೆನ್ಸರ್‌ವರೆಗೆ

ಕೀಲಿನ ಲೆಕ್ಕ ಎಷ್ಟೇ ಸರಿಯಿದ್ದರೂ ಸವಾರ ಎದ್ದು ನಿಂತು ಮೈತೂಗಿ ತುಳಿದರೆ ಅದು ಸಾಲದು. ಅವನ ಮೈಭಾರವೇ ಮೇಲೆ ಕೆಳಗೆ ಆಡುತ್ತಿರುತ್ತದೆ, ಚೈನಿಗೆ ಅದನ್ನು ತಡೆಯಲಾಗದು. ಇದಕ್ಕೆ ಸ್ಪೆಷಲೈಸ್ಡ್ ಕಂಪನಿ 2003ರ ಮಾದರಿಯ ಎಪಿಕ್‌ನಲ್ಲಿ ತೋರಿಸಿದ ಉತ್ತರ ಸೊಗಸಾದದ್ದು. ‘ಬ್ರೇನ್’ ಎಂದು ಅದಕ್ಕೆ ಹೆಸರು. ಹಿಂಚಕ್ರದ ಅಚ್ಚಿನ ಹತ್ತಿರ ಒಂದು ಪುಟ್ಟ ಕೊಳವೆ, ಅದರೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ಹಿತ್ತಾಳೆಯ ತುಂಡು. ಆ ತುಂಡು ಎಣ್ಣೆಯ ದಾರಿಯನ್ನು ಮುಚ್ಚಿಕೊಂಡಿರುತ್ತದೆ, ಶಾಕ್ ಗಟ್ಟಿಯಾಗಿರುತ್ತದೆ. ಸವಾರ ಮೇಲಿನಿಂದ ಎಷ್ಟು ಕುಣಿದರೂ ಅಚ್ಚು ನೆಲಕ್ಕೆ ಒರಗಿಯೇ ಇರುವುದರಿಂದ ತುಂಡು ಅಲುಗದು. ಕೆಳಗಿನಿಂದ ಕಲ್ಲು ಗುದ್ದಿದರೆ ಅಚ್ಚು ಥಟ್ಟನೆ ಮೇಲೇಳುತ್ತದೆ, ಜಡತ್ವದಿಂದ ಹಿತ್ತಾಳೆ ಇದ್ದಲ್ಲೇ ಉಳಿಯುತ್ತದೆ, ಎಣ್ಣೆಯ ದಾರಿ ತೆರೆದುಕೊಳ್ಳುತ್ತದೆ. ಒತ್ತು ಯಾವುದು, ಗುದ್ದು ಯಾವುದು ಎಂಬುದನ್ನು ಬ್ಯಾಟರಿಯಿಲ್ಲದೆ ತೀರ್ಮಾನಿಸಿದ ಯಂತ್ರ ಅದು. ಲಂಡನ್ನಿನಲ್ಲಿ ಗೆದ್ದದ್ದು ಇದೇ ಎಪಿಕ್ ವಂಶದ ಸೈಕಲ್.

ಬ್ರೇನ್‌ನ ಕೊರತೆ ಎಂದರೆ, ಅದು ತೆರೆದುಕೊಳ್ಳಲು ಮೊದಲ ಗುದ್ದು ಬೇಕು. ಆ ಗುದ್ದಿನ ಒಂದು ಪಾಲು ಸವಾರನಿಗೆ ತಟ್ಟಿಯೇ ತೀರುತ್ತದೆ. ಸಣ್ಣ ಕಲ್ಲುಗಳ ಮೇಲೆ ಹಿಂಬದಿ ಒರಟು ಎನಿಸುತ್ತದೆ. ಕೀಲಿನ ವಿದ್ಯೆ ಪಳಗಿದಂತೆ ಅದರ ಅಗತ್ಯ ಕಡಿಮೆಯಾಗಿ, 2024ರಲ್ಲಿ ಬಂದ ಎಪಿಕ್‌ನ ಎಂಟನೆಯ ಆವೃತ್ತಿ ಬ್ರೇನ್ ಅನ್ನು ಕೈಬಿಟ್ಟಿತು.

ಸ್ಕಾಟ್ ಕಂಪನಿ ತೀರ್ಮಾನವನ್ನು ಸವಾರನ ಹೆಬ್ಬೆರಳಿಗೇ ಬಿಟ್ಟಿತು. ಹ್ಯಾಂಡಲ್ ಮೇಲಿನ ‘ಟ್ವಿನ್‌ಲಾಕ್’ ಸನ್ನೆಗೆ ಮೂರು ಸ್ಥಾನ: ಪೂರ್ತಿ ತೆರೆದದ್ದು, ಏರಿಗೆಂದು ಅರೆ ಬಿಗಿ ಮಾಡಿದ್ದು, ಪೂರ್ತಿ ಗಟ್ಟಿ. ಒಂದು ಸುತ್ತಿನಲ್ಲಿ ಹತ್ತಾರು ಸಲ ಸವಾರರು ಇದನ್ನು ಬದಲಿಸುತ್ತಾರೆ. ಈಚಿನ ವರ್ಷಗಳಲ್ಲಿ ರಾಕ್‌ಶಾಕ್ಸ್‌ನ ‘ಫ್ಲೈಟ್ ಅಟೆಂಡೆಂಟ್’ ಅದೇ ಕೆಲಸವನ್ನು ಸೆನ್ಸರುಗಳಿಗೆ ವಹಿಸಿದೆ. ಸೈಕಲ್ ಏರಿನಲ್ಲಿದೆಯೇ, ಸವಾರ ತುಳಿಯುತ್ತಿದ್ದಾನೆಯೇ, ನೆಲ ಒರಟಾಗಿದೆಯೇ ಎಂದು ನೋಡಿಕೊಂಡು ಪುಟ್ಟ ಮೋಟರುಗಳು ಶಾಕನ್ನು ತೆರೆದು ಮುಚ್ಚುತ್ತವೆ. ಹಿತ್ತಾಳೆ, ಹೆಬ್ಬೆರಳು, ಸೆನ್ಸರ್ ಮೂರೂ ಕೇಳುವ ಪ್ರಶ್ನೆ ಒಂದೇ: ಇದು ಒತ್ತೋ, ಗುದ್ದೋ?

ಕೀಲಿಲ್ಲದ ಕೀಲು

ಹೊಸ ಕ್ರಾಸ್‌ಕಂಟ್ರಿ ಫ್ರೇಮನ್ನು ಪಕ್ಕದಿಂದ ನೋಡಿದರೆ ಒಂದು ಸಂಗತಿ ಬೆರಗು ಹುಟ್ಟಿಸುತ್ತದೆ. ಹಿಂಚಕ್ರದ ಅಚ್ಚಿನ ಬಳಿ ಇರಬೇಕಾದ ಕೀಲೇ ಇರುವುದಿಲ್ಲ. ಸ್ಕಾಟ್ ಸ್ಪಾರ್ಕ್, ಸ್ಪೆಷಲೈಸ್ಡ್ ಎಪಿಕ್, ಕ್ಯಾನ್ಯನ್ ಲಕ್ಸ್, ಒರ್ಬಿಯಾ ಓಯಿಜ್ ಇವುಗಳಲ್ಲೆಲ್ಲ ಆ ಜಾಗದಲ್ಲಿ ಕಾರ್ಬನ್ ಕಡ್ಡಿಯೇ ಬಾಗುತ್ತದೆ. ಇದಕ್ಕೆ ಫ್ಲೆಕ್ಸ್ ಸ್ಟೇ ಎನ್ನುತ್ತಾರೆ. ಕ್ರಾಸ್‌ಕಂಟ್ರಿ ಫ್ರೇಮಿನ ಹಿಂಚಕ್ರ ಮೇಲೇರುವುದು 100ರಿಂದ 120 ಮಿ.ಮೀ. ಮಾತ್ರ. ಅಷ್ಟಕ್ಕೆ ಅಚ್ಚಿನ ಬಳಿಯ ಕೀಲು ತಿರುಗಬೇಕಾದದ್ದು ಕೆಲವೇ ಡಿಗ್ರಿ. ಅಷ್ಟು ಬಾಗುವುದು ಚಪ್ಪಟೆಯಾಗಿ ಎರೆದ ಕಾರ್ಬನ್ನಿಗೆ ಕಷ್ಟವಲ್ಲ. ಒಂದು ಜೊತೆ ಬೇರಿಂಗು, ಬೋಲ್ಟುಗಳ ತೂಕ ಉಳಿಯಿತು. ಮಣ್ಣು ನುಗ್ಗಿ ಕಿರುಗುಟ್ಟುವ ಜಾಗ ಎರಡು ಕಡಿಮೆಯಾದವು. ಬೇರಿಂಗ್ ಸವೆದು ಸಡಿಲವಾಗುತ್ತದೆ, ಕಾರ್ಬನ್ ಕಡ್ಡಿಗೆ ಆ ಸಡಿಲವಿಲ್ಲ. ತಿರುವಿನಲ್ಲಿ ಹಿಂಚಕ್ರ ಪಕ್ಕಕ್ಕೆ ಜೋಲಿ ಹೊಡೆಯುವುದಿಲ್ಲ.

ಅಲ್ಯುಮಿನಿಯಂಗೆ ಈ ಭಾಗ್ಯ ಅಷ್ಟಾಗಿ ಇಲ್ಲ. ಪದೇಪದೇ ಬಾಗಿಸಿದರೆ ಆ ಲೋಹ ಬಳಲಿ ಬಿರುಕು ಬಿಡುತ್ತದೆ. ಅಗ್ಗದ ಅಲ್ಯುಮಿನಿಯಂ ಮಾದರಿಗಳಲ್ಲಿ ಬೇರಿಂಗು ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ. ಟ್ರೆಕ್ ಕಂಪನಿಯ ಸೂಪರ್‌ಕ್ಯಾಲಿಬರ್ ಇನ್ನೊಂದು ತುದಿಗೆ ಹೋಯಿತು. ಶಾಕನ್ನೇ ಮೇಲಿನ ಕೊಳವೆಗೆ ಜೋಡಿಸಿ ಫ್ರೇಮಿನ ಅಂಗವನ್ನಾಗಿಸಿ, ಹಿಂಬದಿಗೆ ಬರೇ 60 ಮಿ.ಮೀ. ಚಲನೆ ಕೊಟ್ಟಿತು. ಯೊಲಾಂಡಾ ನೆಫ್ ಟೋಕಿಯೊದಲ್ಲಿ ಗೆದ್ದದ್ದು ಅದರ ಮೇಲೆ. ಮುಂದಿನ ಆವೃತ್ತಿಯಲ್ಲಿ ಅದೂ 80 ಮಿ.ಮೀ.ಗೆ ಏರಿತು. ಸ್ಪರ್ಧೆಯ ದಾರಿಗಳು ಒರಟಾಗುತ್ತಾ ಹೋದಂತೆ ಎಲ್ಲರ ಲೆಕ್ಕವೂ ಮೇಲಕ್ಕೇ ಸರಿಯುತ್ತಿದೆ.

ಶಾಕ್ ಎಷ್ಟು ಸಣ್ಣದೋ ಅಷ್ಟು ಭಾರ ಹೊರುತ್ತದೆ. ಹಿಂಚಕ್ರ 120 ಮಿ.ಮೀ. ಮೇಲೇರುವ ಫ್ರೇಮಿನಲ್ಲಿ ಶಾಕ್ ಕುಗ್ಗುವುದು 45 ಮಿ.ಮೀ. ಇರಬಹುದು. ಸರಾಸರಿ ಅನುಪಾತ 2.7, ಚಕ್ರದ ಮೇಲೆ ಬಿದ್ದ ಬಲದ ಎರಡೂವರೆ ಪಟ್ಟಿಗೂ ಹೆಚ್ಚು ಶಾಕಿಗೆ ಬೀಳುತ್ತದೆ. ಈ ಅನುಪಾತ ಆದಿಯಿಂದ ಅಂತ್ಯದವರೆಗೆ ಒಂದೇ ಇರಬೇಕಿಲ್ಲ. ಮೊದಲಿಗೆ ಹೆಚ್ಚಿಟ್ಟರೆ ಸಣ್ಣ ಕಲ್ಲಿಗೂ ಶಾಕ್ ಒಡನೆ ಸ್ಪಂದಿಸುತ್ತದೆ. ಕೊನೆಗೆ ತಗ್ಗಿಸಿದರೆ ದೊಡ್ಡ ಜಿಗಿತದಲ್ಲಿ ತಳ ಬಡಿಯುವುದಿಲ್ಲ. ಸವಾರ ‘ಈ ಫ್ರೇಮಿಗೆ ಮೆತ್ತನೆಯ ಆರಂಭವಿದೆ, ಗಟ್ಟಿ ತಳವಿದೆ’ ಎಂದರೆ ಅವನು ವರ್ಣಿಸುತ್ತಿರುವುದು ಈ ಅನುಪಾತದ ಗೆರೆಯನ್ನು.

ಏರು, ತಿರುವು, ಇಳಿಜಾರು

ಇದೆಲ್ಲ ಸೇರಿ ಸವಾರಿ ಹೇಗಿರುತ್ತದೆ? ನುಣುಪಾದ ಡಾಂಬರು ಏರಿನಲ್ಲಿ ಹಾರ್ಡ್‌ಟೇಲ್ ಇಂದಿಗೂ ಒಂದು ಕೈ ಮೇಲೆಯೇ. ಫುಲ್ ಸಸ್ಪೆನ್ಷನ್ ಫ್ರೇಮ್ ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಕಿಲೋ ಹೆಚ್ಚು ತೂಗುತ್ತದೆ. 70 ಕಿಲೋ ಸವಾರ, 10 ಕಿಲೋ ಸೈಕಲ್ ಎಂದರೆ ಒಂದು ಕಿಲೋ ಎಂಬುದು ಒಟ್ಟು ಭಾರದ ಶೇ 1.25. ಕಡಿದಾದ ಏರಿನಲ್ಲಿ ಸಮಯದ ನಷ್ಟವೂ ಹೆಚ್ಚುಕಡಿಮೆ ಅಷ್ಟೇ.

ಏರಿನಲ್ಲಿ ಬೇರು, ಕಲ್ಲು, ಮೆಟ್ಟಿಲಿನಂಥ ತಗ್ಗುದಿಣ್ಣೆ ಬಂದೊಡನೆ ಲೆಕ್ಕ ತಿರುಗುತ್ತದೆ. ಹಾರ್ಡ್‌ಟೇಲ್‌ನ ಹಿಂಚಕ್ರ ಬೇರಿಗೆ ಬಡಿದರೆ ಸವಾರನ ಸಮೇತ ಇಡೀ ಸೈಕಲ್ ಎತ್ತಿ ಹಾಕಿದಂತಾಗುತ್ತದೆ. ಚಕ್ರ ಒಂದು ಕ್ಷಣ ನೆಲ ಬಿಡುತ್ತದೆ, ಆ ಕ್ಷಣದ ತುಳಿತ ಗಾಳಿಗೆ ಹೋಗುತ್ತದೆ, ಟೈರು ಗಿರ್ರನೆ ತಿರುಗಿ ಹಿಡಿತ ತಪ್ಪುತ್ತದೆ. ಇದನ್ನು ತಪ್ಪಿಸಲು ಸವಾರ ಪ್ರತಿ ಬೇರಿಗೂ ಸೀಟಿನಿಂದ ಅರ್ಧ ಏಳಬೇಕು. ಒಂದೂವರೆ ಗಂಟೆ ಹಾಗೆ ಎದ್ದು ಕೂತು ಮಾಡಿದರೆ ತೊಡೆ, ಸೊಂಟ ಸೋತುಹೋಗುತ್ತವೆ. ಫುಲ್ ಸಸ್ಪೆನ್ಷನ್‌ನಲ್ಲಿ ಮೇಲೇರುವುದು ಚಕ್ರ ಮಾತ್ರ. ಫ್ರೇಮಿನ ಸಮೇತ ಸವಾರ ಸುಮಾರಾಗಿ ಅದೇ ಮಟ್ಟದಲ್ಲಿ ಸಾಗುತ್ತಾನೆ. ಕೂತಲ್ಲೇ ಕೂತು ತುಳಿಯಬಹುದು. ಹಿಂಬದಿ ಶಾಕ್ ಇರುವುದು ಕೂತವರ ಸುಖಕ್ಕೆ ಎಂಬ ಹಳೆಯ ತಿಳಿವಳಿಕೆ ತಪ್ಪು. ಅದರ ಮೊದಲ ಕೆಲಸ ಟೈರನ್ನು ನೆಲಕ್ಕೆ ಅಂಟಿಸಿಡುವುದು. ಸುಖ ಅದರ ಜೊತೆಗೆ ಬರುವ ಲಾಭ.

ತಿರುವಿನಲ್ಲಿ ಈ ಅಂಟು ಇನ್ನೂ ಸ್ಪಷ್ಟ. ಸಡಿಲ ಜಲ್ಲಿಯ ಮೇಲೆ ವಾಲಿದಾಗ ಹಾರ್ಡ್‌ಟೇಲ್‌ನ ಹಿಂಚಕ್ರ ಸಣ್ಣಸಣ್ಣದಾಗಿ ಜಿಗಿಯುತ್ತಾ ಹೊರಕ್ಕೆ ಸರಿಯುತ್ತದೆ. ಫುಲ್ ಸಸ್ಪೆನ್ಷನ್ ತುಸು ಕುಸಿದು, ನೆಲ ಹಿಡಿದು, ತಿರುವು ಮುಗಿದಾಗ ಮೇಲೆದ್ದು ಬರುತ್ತದೆ. ಎರಡೂ ಚಕ್ರ ಒಂದೇ ಬಗೆಯಾಗಿ ವರ್ತಿಸುವುದರಿಂದ ಸವಾರನಿಗೆ ಧೈರ್ಯ ಬರುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತಾನೆ.

ಇಳಿಜಾರಿನಲ್ಲಿ ಮಿತಿಯೂ ಗೊತ್ತಿರಬೇಕು. ಡೌನ್‌ಹಿಲ್ ಸ್ಪರ್ಧೆಯ ಸೈಕಲ್ಲುಗಳಿಗೆ 200 ಮಿ.ಮೀ. ಚಲನೆ ಇರುತ್ತದೆ. 120 ಮಿ.ಮೀ. ಫ್ರೇಮ್ ಕಲ್ಲುಗಳನ್ನು ಅಳಿಸಿಹಾಕುವುದಿಲ್ಲ, ಮೊನೆಯನ್ನು ಮೊಂಡು ಮಾಡುತ್ತದೆ ಅಷ್ಟೇ. ಒಳ್ಳೆಯ ದಾರಿ ಆರಿಸುವ ಕಣ್ಣು ಇನ್ನೂ ಬೇಕು. ಇಳಿಜಾರಿನ ಧೈರ್ಯದಲ್ಲಿ ಫ್ರೇಮಿನ ಕೋನದ ಪಾಲೂ ದೊಡ್ಡದು. ಹಿಂದೆ ಕ್ರಾಸ್‌ಕಂಟ್ರಿ ಫ್ರೇಮಿನ ತಲೆಕೊಳವೆ, ಅಂದರೆ ಹ್ಯಾಂಡಲ್ಲಿನ ಕೆಳಗಿನ ಮುಂದಿನ ಕೊಳವೆ, 70-71 ಡಿಗ್ರಿ ನೆಟ್ಟಗಿರುತ್ತಿತ್ತು. ಈಗ 67ರ ಆಸುಪಾಸಿಗೆ ವಾಲಿದೆ. ಮುಂಚಕ್ರ ಮುಂದಕ್ಕೆ ಸರಿದಿದೆ, ಹ್ಯಾಂಡಲ್ ಮೇಲಿಂದ ಉರುಳುವ ಭಯ ತಗ್ಗಿದೆ. ಸೀಟಿನ ಕೊಳವೆ ಮಾತ್ರ ನೆಟ್ಟಗಾಗಿದೆ, ಏರಿನಲ್ಲಿ ಮೈ ಮುಂದಕ್ಕೆ ಬರಲೆಂದು. ಬ್ರೇಕ್ ಹಿಡಿದಾಗಲೂ ಫ್ರೇಮಿನ ಸ್ವಭಾವ ಬಯಲಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಹಿಂಬ್ರೇಕಿನ ಬಲ ತೋಳಿನ ಮೂಲಕವೇ ಹಾದು ಶಾಕನ್ನು ಕುಗ್ಗಿಸಿ ಬಿಗಿಮಾಡುತ್ತದೆ. ಹಿಂಬದಿ ತಗ್ಗಿ ಸೈಕಲ್ ಸ್ಥಿರವೆನಿಸಿದರೂ ಕಲ್ಲುಗಳ ಮೇಲೆ ಒರಟಾಗುತ್ತದೆ. ಅಂಥ ಫ್ರೇಮಿನಲ್ಲಿ ಕಲ್ಲಿಗೆ ಮುಂಚೆ ಬ್ರೇಕ್ ಹಿಡಿದು, ಕಲ್ಲಿನ ಮೇಲೆ ಬಿಡುವುದು ಜಾಣತನ.

ಪಂಪು, ರಬ್ಬರ್ ಬಳೆ, ಸಹನೆ

ಲಕ್ಷಗಟ್ಟಲೆ ಬೆಲೆಯ ಫ್ರೇಮ್ ಸಪ್ಪೆಯಾಗಿ ಓಡಿದರೆ ಮೊದಲು ಅನುಮಾನಿಸಬೇಕಾದದ್ದು ಶಾಕಿನ ಗಾಳಿಯನ್ನು. ನೀರಿನ ಚೀಲ, ಹೆಲ್ಮೆಟ್, ಶೂ ಎಲ್ಲ ತೊಟ್ಟು, ಸವಾರಿಯ ಭಂಗಿಯಲ್ಲೇ ನಿಧಾನ ಕುಳಿತು, ಶಾಕಿನ ಮೇಲಿನ ರಬ್ಬರ್ ಬಳೆ ಎಷ್ಟು ಸರಿಯಿತು ನೋಡಬೇಕು. ಇದನ್ನು ಸ್ಯಾಗ್ ಎನ್ನುತ್ತಾರೆ. ಕ್ರಾಸ್‌ಕಂಟ್ರಿಗೆ ಶಾಕಿನ ಚಲನೆಯ ಶೇ 20ರಿಂದ 25 ಹದವಾದದ್ದು, 45 ಮಿ.ಮೀ. ಶಾಕ್ ಆದರೆ 9ರಿಂದ 11 ಮಿ.ಮೀ. ಗಾಳಿ ತುಂಬಲು ಶಾಕಿಗೆಂದೇ ಇರುವ ಪಂಪು ಬೇಕು, ಟೈರಿನ ಪಂಪು ಆಗದು. ಸ್ಯಾಗ್ ತಪ್ಪಿದರೆ ಕೀಲಿನ ಲೆಕ್ಕವೆಲ್ಲ ತಪ್ಪಿದಂತೆ, ಏಕೆಂದರೆ ಆಂಟಿ-ಸ್ಕ್ವಾಟ್ ಹೊಂದಿಸಿರುವುದೇ ಆ ಮಟ್ಟಕ್ಕೆ.

ಎರಡನೆಯದು ರಿಬೌಂಡ್, ಅಂದರೆ ಕುಗ್ಗಿದ ಶಾಕ್ ಮರಳಿ ಹಿಗ್ಗುವ ವೇಗ. ಫುಟ್‌ಪಾತಿನ ಅಂಚಿನಿಂದ ಕೂತಲ್ಲೇ ಕೆಳಗಿಳಿದು ನೋಡಿ. ಒಂದು ಸಲ ಎದ್ದು ನೆಲೆಸಿದರೆ ಸರಿ. ಎರಡು ಮೂರು ಸಲ ಕುಣಿದರೆ ವೇಗ ಹೆಚ್ಚು. ಮೇಲೇಳಲು ಮೈಗಳ್ಳತನ ತೋರಿದರೆ ವೇಗ ಕಡಿಮೆ; ಸಾಲುಗಲ್ಲುಗಳ ಮೇಲೆ ಅದು ಒಂದರಿಂದೊಂದಕ್ಕೆ ಕುಸಿಯುತ್ತಾ ಹೋಗಿ ಕೊನೆಗೆ ಶಾಕ್ ಇಲ್ಲದಂತಾಗುತ್ತದೆ. ಮೂರನೆಯದು ಟೈರು. 2.4 ಇಂಚು ಅಗಲದ ಟ್ಯೂಬ್‌ಲೆಸ್ ಟೈರಿಗೆ 20ರಿಂದ 25 ಪಿಎಸ್‌ಐ ಸಾಕಾಗುತ್ತದೆ. ನೆಲದ ಸಣ್ಣ ನಡುಕವನ್ನು ಮೊದಲು ನುಂಗುವುದು ಟೈರೇ. ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಶಾಕನ್ನು ಬೈಯುವವರು ಬಹಳ.

ಆರೈಕೆಯೂ ಇದೆ. ಸುಮಾರು 50 ಗಂಟೆ ಸವಾರಿಗೊಮ್ಮೆ ಗಾಳಿಕೋಣೆ ಬಿಚ್ಚಿ ಸೀಲು, ಎಣ್ಣೆ ನೋಡುವಂತೆ ಕೆಲವು ಶಾಕ್ ತಯಾರಕರು ಹೇಳುತ್ತಾರೆ. ಮಲೆನಾಡಿನ ಮಳೆಗಾಲದ ಕೆಂಪು ಕೆಸರಿನಲ್ಲಿ ಓಡಿಸುವವರು ಬೇರಿಂಗುಗಳ ಮೇಲೆ ಇನ್ನಷ್ಟು ಕಣ್ಣಿಡಬೇಕು. ತೊಳೆಯುವಾಗ ವಾಟರ್ ಸರ್ವಿಸ್‌ನ ಜೋರು ನೀರನ್ನು ಕೀಲುಗಳ ಮೇಲೆ ಬಿಡಬಾರದು. ಗ್ರೀಸು ಹೊರಗೆ, ಮಣ್ಣು ಒಳಗೆ ಹೋಗುತ್ತದೆ.

ಯಾರಿಗೆ ಬೇಕು?

ಬೆಂಗಳೂರಿನ ಸವಾರರು ಹೋಗುವ ದಾರಿಗಳನ್ನೇ ತೆಗೆದುಕೊಳ್ಳಿ. ಆವಲಹಳ್ಳಿಯ ನೀಲಗಿರಿ ತೋಪಿನ ಮಣ್ಣುದಾರಿಗೆ ಒಳ್ಳೆಯ ಟೈರಿನ ಹಾರ್ಡ್‌ಟೇಲ್ ಧಾರಾಳವಾಗಿ ಸಾಕು. ತುರಹಳ್ಳಿಯ ಬಂಡೆಗಳಂಥ ಕಡೆ ಫುಲ್ ಸಸ್ಪೆನ್ಷನ್‌ನ ಬೆಲೆ ಗೊತ್ತಾಗುತ್ತದೆ. ಎರಡೂ ಕಡೆ ಅರಣ್ಯ ಇಲಾಖೆಯ ನಿಯಮ ನೋಡಿಕೊಂಡೇ ಹೋಗಬೇಕು. ವಾರಕ್ಕೊಮ್ಮೆ ನಂದಿಬೆಟ್ಟದ ಡಾಂಬರು ಹತ್ತುವವರಿಗೆ ಹಿಂಬದಿ ಶಾಕ್ ಬರೀ ಹೊರೆ. ಕಾಫಿ ತೋಟದ ಕಲ್ಲುಹಾದಿಯಲ್ಲಿ ದಿನವಿಡೀ ಓಡಿಸುವವರಿಗೆ, ರೇಸಿನ ಗುರಿ ಇರುವವರಿಗೆ ಅದು ಹಣಕ್ಕೆ ತಕ್ಕ ಫಲ ಕೊಡುತ್ತದೆ.

ಬಜೆಟ್ ಸಣ್ಣದಾದರೆ ಒಂದು ಮಾತು ಖಂಡಿತ: ಅಗ್ಗದ ಫುಲ್ ಸಸ್ಪೆನ್ಷನ್‌ಗಿಂತ ಅದೇ ಬೆಲೆಯ ಹಾರ್ಡ್‌ಟೇಲ್ ಯಾವಾಗಲೂ ಮೇಲು. ಹಿಂಬದಿ ಶಾಕ್, ಕೀಲು, ಬೇರಿಂಗುಗಳಿಗೆ ಹೋಗುವ ಹಣವನ್ನು ಕಂಪನಿ ಬ್ರೇಕು, ಫೋರ್ಕು, ಚಕ್ರಗಳಲ್ಲಿ ಕಡಿತ ಮಾಡಿಯೇ ಸರಿದೂಗಿಸುತ್ತದೆ. ಕೊಳ್ಳುವ ಮುನ್ನ ಅಂಗಡಿಯ ಅಂಗಳದಲ್ಲಿ ಸೀಟು ಒತ್ತಿ ನೋಡುವುದರಿಂದ ಏನೂ ತಿಳಿಯದು. ಸ್ಯಾಗ್ ಸರಿಮಾಡಿಸಿಕೊಂಡು ಹತ್ತಿರದ ಯಾವುದಾದರೂ ಕಲ್ಲಿನ ಏರಿಗೆ ಒಯ್ಯಿರಿ, ಶಾಕ್ ತೆರೆದಿಟ್ಟು, ಸೀಟಿನಿಂದ ಏಳದೆ ಹತ್ತಿರಿ. ರಬ್ಬರ್ ಬಳೆ ತುಳಿತಕ್ಕೆ ಕುಣಿಯದೆ, ಕಲ್ಲಿಗೆ ಸರಿದು, ಹಿಂಚಕ್ರ ಒಮ್ಮೆಯೂ ಗಿರಕಿ ಹೊಡೆಯದೆ ಮೇಲೆ ತಲುಪಿಸಿದರೆ ಆ ಫ್ರೇಮ್ ಕೊಳ್ಳಲು ಯೋಗ್ಯ.